ಎಳೆಯರ ವಿಜ್ಞಾನ, ಮನೆಯ ಮಾತು

(ಗ್ರೇಟರ್ ನೋಯ್ಡಾದ ಕನ್ನಡ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ಪ್ರಾಥಮಿಕ ಶಾಲೆಯ ಮಕ್ಕಳಿಗೆ ವಿಜ್ಞಾನವನ್ನು ಕಲಿಸುವುದು ಹೇಗೆಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ರಾಜ್ಯೋತ್ಸವದ ವೇಳೆಯಲ್ಲಿ ಕನ್ನಡದ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಪಂಪ ರನ್ನರಿಂದ ಮೊದಲುಮಾಡಿ ಇಂದಿನವರೆಗಿನ ಹೆಸರುಗಳನ್ನು ಹೇಳಿ ಮುಗಿಸಿದರೆ ಹೇಳುವವರಿಗೂ ಸುಲಭ, ಕೇಳುವವರಿಗೂ ಹಿತ. ವಿಜ್ಞಾನಕ್ಕೂ ಈ ಹಬ್ಬಕ್ಕೂ ಏನು ನಂಟು ಎಂದು ಕೆಲವರು ಕೇಳಬಹುದು. ನಂಟುಂಟು ಎಂಬುದೇ ನಮ್ಮ ವಾದ.

ಊರು ಬಿಟ್ಟು ಬಂದ ನಮ್ಮ ಕುಟುಂಬಗಳಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಮಗು ಚಿಕ್ಕದಿರುವವರೆಗೆ ಮನೆಯಲ್ಲಿ ಕನ್ನಡ ಧಾರಾಳವಾಗಿ ನಡೆಯುತ್ತದೆ. ಮೂರನೆಯ ತರಗತಿಗೆ ಬಂದು ಪಾಠಗಳು ಬಿಗಿಯಾಗುತ್ತಲೂ ತಾಯಿತಂದೆಗಳಿಗೆ ಕಳವಳ ಹತ್ತುತ್ತದೆ. ಶಾಲೆಯಲ್ಲಿ ಇಂಗ್ಲಿಷು, ಆಟದ ಬಯಲಿನಲ್ಲಿ ಹಿಂದಿ. ನಡುವೆ ನಾವು ಕನ್ನಡದಲ್ಲಿ ವಿವರಿಸಹೋಗಿ ಮಗುವಿನ ತಲೆ ಕೆಡಿಸುವುದೇಕೆ ಎಂದು ಅವರು ಯೋಚಿಸುತ್ತಾರೆ. ಪಾಠದ ಮಾತೆಲ್ಲ ಇಂಗ್ಲಿಷಿಗೆ ಹೋಗುತ್ತದೆ. ಕನ್ನಡಕ್ಕೆ ಉಳಿಯುವುದು ಊಟಕ್ಕೆ ಬಾ, ಹಲ್ಲುಜ್ಜು, ಗಲಾಟೆ ಮಾಡಬೇಡ, ಮಲಗು ಎಂಬಿಷ್ಟೆ. ಅದು ಮಗು ಅಪ್ಪಣೆಗಳನ್ನು ಕೇಳಿಸಿಕೊಳ್ಳುವ ಭಾಷೆಯಾಗಿ ಉಳಿಯುತ್ತದೆ, ಪ್ರಶ್ನೆಗಳನ್ನು ಕೇಳುವ ಭಾಷೆಯಾಗಿ ಉಳಿಯುವುದಿಲ್ಲ. ಇದರಿಂದ ಕನ್ನಡಕ್ಕೆ ನಷ್ಟವೆಂದು ಎಲ್ಲರೂ ಒಪ್ಪುತ್ತಾರೆ. ವಿಜ್ಞಾನಕ್ಕೂ ನಷ್ಟವೆಂದು ನಾವು ಹೇಳುತ್ತೇವೆ. ಏಕೆಂದರೆ ಎಳೆಯ ಮಗುವಿನ ಪ್ರಶ್ನೆಗಳು ಹುಟ್ಟುವುದು ತರಗತಿಯಲ್ಲಲ್ಲ. ಅಡಿಗೆಮನೆಯಲ್ಲಿ, ಬಚ್ಚಲಿನಲ್ಲಿ, ಬಾಲ್ಕನಿಯಲ್ಲಿ.

ವಿಜ್ಞಾನವೆಂದರೆ ಗ್ರಹಗಳ ಹೆಸರು, ಮೂಳೆಗಳ ಎಣಿಕೆ, ಯಾವ ಜೀವಸತ್ವದ ಕೊರತೆಯಿಂದ ಯಾವ ರೋಗವೆಂಬ ಪಟ್ಟಿ ಎಂಬ ಭಾವನೆ ಬಲವಾಗಿದೆ. ಇವೆಲ್ಲ ಬೇರೆ ಯಾರೋ ಕಂಡುಕೊಂಡ ಫಲಗಳು, ಬೇಡವೆನ್ನುವುದಿಲ್ಲ. ಆದರೆ ಎಂಟು ವರ್ಷದ ಮಗು ಮೊದಲು ಕಲಿಯಬೇಕಾದದ್ದು ಕಂಡುಕೊಳ್ಳುವ ರೀತಿಯನ್ನು. ನೋಡುವುದು, ಅಳೆಯುವುದು, ಒಂದನ್ನು ಇನ್ನೊಂದರೊಡನೆ ಹೋಲಿಸುವುದು, ಇದು ಹೀಗೇಕೆಂದು ಊಹಿಸುವುದು, ಊಹೆ ನಿಲ್ಲುತ್ತದೆಯೋ ಬೀಳುತ್ತದೆಯೋ ಪರೀಕ್ಷಿಸುವುದು. ಇವಿಷ್ಟಕ್ಕೂ ದುಬಾರಿ ಸಾಮಾನು ಬೇಡ.

ಒಂದು ನಿದರ್ಶನ ಕೊಡುತ್ತೇವೆ. ಮಧ್ಯಾಹ್ನಕ್ಕೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆಂದು ದೊಡ್ಡವರು ಮಕ್ಕಳಿಗೆ ಹೇಳುವುದುಂಟು. ಗ್ರೇಟರ್ ನೋಯ್ಡಾದಲ್ಲಿ ವರ್ಷದ 365 ದಿನಗಳಲ್ಲಿ ಒಂದು ದಿನವೂ ಈ ಮಾತು ನಿಜವಾಗುವುದಿಲ್ಲ! ಸೂರ್ಯ ನೆತ್ತಿಗೆ ಬರುವುದು ಕರ್ಕಾಟಕ ಸಂಕ್ರಾಂತಿ ವೃತ್ತ, ಮಕರ ಸಂಕ್ರಾಂತಿ ವೃತ್ತಗಳ ನಡುವಿನ ನಾಡುಗಳಲ್ಲಿ ಮಾತ್ರ. ಕರ್ಕಾಟಕ ವೃತ್ತವು 23½ ಡಿಗ್ರಿಯಲ್ಲಿದೆ. ನಾವು ಕುಳಿತಿರುವ ನೆಲ ಸುಮಾರು 28½ ಡಿಗ್ರಿಯಲ್ಲಿದೆ. ಇಲ್ಲಿ ನಡುಹಗಲಿನ ಸೂರ್ಯ ಯಾವಾಗಲೂ ದಕ್ಷಿಣಕ್ಕೆ ವಾಲಿಕೊಂಡಿರುತ್ತಾನೆ, ನೆರಳು ಯಾವಾಗಲೂ ಉತ್ತರಕ್ಕೆ ಬೀಳುತ್ತದೆ. ಬೆಂಗಳೂರಿನಲ್ಲಿಯಾದರೆ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ, ಹೀಗೆ ವರ್ಷಕ್ಕೆ ಎರಡು ದಿನ ನಡುಹಗಲಿನಲ್ಲಿ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ.

ಇದನ್ನು ಮಗುವಿಗೆ ಹೇಳಿಬಿಟ್ಟರೆ ಅದೂ ಒಂದು ಉರುಹೊಡೆಯುವ ಸಂಗತಿಯಾಗುತ್ತದೆ. ಹೇಳಬೇಡಿ. ಒಂದು ಮೀಟರ್ ಉದ್ದದ ಕೋಲನ್ನು ಸಮತಟ್ಟಾದ ನೆಲದಲ್ಲಿ ನೆಟ್ಟಗೆ ನಿಲ್ಲಿಸಿ. ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟರೆ ಸಾಕು. ಹನ್ನೊಂದೂವರೆಯಿಂದ ಹತ್ತು ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಲಿ, ಅಳೆಯಲಿ, ಬರೆದುಕೊಳ್ಳಲಿ. ನೆರಳು ಕುಗ್ಗುತ್ತ ಬಂದು, ಒಂದು ಕಡೆ ನಿಂತಂತಾಗಿ, ಮತ್ತೆ ಬೆಳೆಯಲು ಮೊದಲಾಗುತ್ತದೆ. ಅತಿ ಗಿಡ್ಡ ನೆರಳಿನ ಹೊತ್ತೇ ನಿಜವಾದ ನಡುಹಗಲು. ಅದು ಗಡಿಯಾರದ ಹನ್ನೆರಡಕ್ಕೆ ಸರಿಯಾಗಿ ಬರುವುದಿಲ್ಲವೆಂಬುದೇ ಮಗುವಿಗೆ ಮೊದಲನೆಯ ಬೆರಗು. ಸೂರ್ಯನನ್ನು ಕಣ್ಣಿಟ್ಟು ನೋಡಕೂಡದೆಂದು ಮಾತ್ರ ಕಟ್ಟುನಿಟ್ಟಾಗಿ ಹೇಳಿರಿ, ನೋಡಬೇಕಾದದ್ದು ನೆಲವನ್ನು.

ಇಲ್ಲಿಯ ನೆರಳು ಜೂನ್ 21ರ ನಡುಹಗಲಿನಲ್ಲಿ ಸುಮಾರು 9 ಸೆಂಟಿಮೀಟರ್, ಡಿಸೆಂಬರ್ 22ರಲ್ಲಿ ಸುಮಾರು 1 ಮೀಟರ್ 27 ಸೆಂಟಿಮೀಟರ್. (ಈ ಅಂಕಿಗಳನ್ನು ದೊಡ್ಡವರಿಗಾಗಿ ಹೇಳಿದ್ದೇವೆ. ಮಕ್ಕಳ ಕಿವಿಗೆ ಬೀಳದಿರಲಿ.) ನೀವು ಈ ಲೆಕ್ಕವನ್ನು ತಿಳಿಯದೆಯೇ ಅನುಭವಿಸುತ್ತಿದ್ದೀರಿ. ಮನೆ ಹುಡುಕುವಾಗ ದಕ್ಷಿಣಕ್ಕೆ ಮುಖವಾದ ಬಾಲ್ಕನಿ ಸಿಕ್ಕರೆ ಒಳ್ಳೆಯದೆಂದು ಇಲ್ಲಿಯ ಹಳಬರು ಹೇಳುವುದೇಕೆ? ಜನವರಿಯ ತಗ್ಗಿದ ಬಿಸಿಲು ಅಲ್ಲಿ ಒಳಗಿನವರೆಗೆ ಬರುತ್ತದೆ. ಜೂನಿನ ಸುಡುಬಿಸಿಲು ಮೇಲಿನ ಮಹಡಿಯ ಚಪ್ಪರಕ್ಕೆ ತಾಗಿ ಹೊರಗೇ ನಿಲ್ಲುತ್ತದೆ. ಅರವತ್ತು ಮೀಟರ್ ಎತ್ತರದ ಕಟ್ಟಡದ ನೆರಳು ಡಿಸೆಂಬರಿನ ನಡುಹಗಲಿನಲ್ಲಿ ಎಪ್ಪತ್ತಾರು ಮೀಟರ್ ದೂರ ಚಾಚುತ್ತದೆ. ಉತ್ತರದ ಕೆಳಮಹಡಿಯವರು ಹಪ್ಪಳ ಒಣಗಿಸಲು ಜಾಗವಿಲ್ಲದೆ ಒದ್ದಾಡುವುದಕ್ಕೆ ಕಾರಣ ಇದೇ. ಮಗು ತನ್ನ ಕೋಲಿನ ನೆರಳನ್ನು ಅಳೆದಿದ್ದರೆ ಕಟ್ಟಡದ ನೆರಳನ್ನೂ ಲೆಕ್ಕ ಹಾಕಬಲ್ಲದು. ಕಟ್ಟಡದ ನೆರಳನ್ನು ಹೆಜ್ಜೆಯಿಂದ ಅಳೆದರೆ, ಹತ್ತದೆಯೇ ಅದರ ಎತ್ತರವನ್ನೂ ಹೇಳಬಲ್ಲದು.

ಇನ್ನು ನಮ್ಮಂಥವರಿಗೆ ಮಾತ್ರ ಇರುವ ಒಂದು ಅನುಕೂಲವನ್ನು ಹೇಳಬೇಕು. ವಿಜ್ಞಾನದಲ್ಲಿ ಹೋಲಿಕೆಗೆ ಎರಡು ಬೇಕು, ಒಂದು ಸಾಲದು. ಊರು ಬಿಡದವನಿಗೆ ಒಂದೇ ಊರು. ನಮ್ಮ ಮಕ್ಕಳಿಗೆ ಎರಡು ಊರುಗಳಿವೆ. ಎರಡನೆಯದರಲ್ಲಿ ಅಜ್ಜ ಅಜ್ಜಿ ಇದ್ದಾರೆ, ಕೈಯಲ್ಲಿ ಫೋನಿದೆ. ನಕ್ಷೆಯನ್ನು ಬಿಡಿಸಿ ನೋಡಿರಿ: ಗ್ರೇಟರ್ ನೋಯ್ಡಾ, ಬೀದರ್, ಬೆಂಗಳೂರು ಮೂರೂ ಹೆಚ್ಚುಕಡಿಮೆ 77½ ಡಿಗ್ರಿ ರೇಖಾಂಶದ ಒಂದೇ ಗೆರೆಯ ಮೇಲಿವೆ. ಆದ್ದರಿಂದ ಇಲ್ಲಿ ನಡುಹಗಲಾದಾಗಲೇ ಅಲ್ಲಿಯೂ ನಡುಹಗಲು. ನವೆಂಬರ್ 1ರಂದು ಅದು ಹನ್ನೆರಡು ಗಂಟೆ ನಾಲ್ಕು ನಿಮಿಷದ ಸುಮಾರಿಗೆ. ಆ ಹೊತ್ತಿಗೆ ಮೊಮ್ಮಗಳು ಇಲ್ಲಿ ಕೋಲು ನೆಟ್ಟು, ಅಜ್ಜನವರು ಬೆಂಗಳೂರಿನ ತಾರಸಿಯ ಮೇಲೆ ಅಷ್ಟೇ ಉದ್ದದ ಕೋಲು ನಿಲ್ಲಿಸಿದರೆ ಇಲ್ಲಿಯ ನೆರಳು ಸುಮಾರು 93 ಸೆಂಟಿಮೀಟರ್, ಅಲ್ಲಿಯದು ಸುಮಾರು 52. ಒಂದೇ ಸೂರ್ಯ, ಒಂದೇ ಕೋಲು, ಒಂದೇ ಹೊತ್ತು. ನೆರಳು ಮಾತ್ರ ಬೇರೆ. ಏಕೆ?

ಈ ಏಕೆ ಎಂಬುದನ್ನು ಕೆಲವು ದಿನ ಹಾಗೆಯೇ ಬಿಡಿ. ಅಜ್ಜನ ಕೋಲು ಗಿಡ್ಡವಿರಬೇಕೆಂದು ಮಗು ಮೊದಲು ಹೇಳುತ್ತದೆ. ಅಳೆಸಿ ನೋಡಲಿ. ಬೆಂಗಳೂರಿಗೆ ಸೂರ್ಯ ಹತ್ತಿರವಿರಬೇಕೆಂದು ಆಮೇಲೆ ಹೇಳೀತು. ನಗಬೇಡಿ, ನೆಲ ಚಪ್ಪಟೆಯೆಂದು ಇಟ್ಟುಕೊಂಡರೆ ಅದು ಸರಿಯಾದ ತರ್ಕವೇ. ಒಂದು ಚೆಂಡಿಗೆ ಎರಡು ಗುಂಡುಸೂಜಿ ಚುಚ್ಚಿ ಬಿಸಿಲಿನಲ್ಲಿ ಹಿಡಿದರೆ ಮುಂದಿನ ದಾರಿ ತಾನೇ ತೆರೆಯುತ್ತದೆ. ಜೂನ್ ತಿಂಗಳಲ್ಲಿ ಮತ್ತೆ ಫೋನು ಮಾಡಿದರೆ ಇನ್ನೊಂದು ಸೋಜಿಗ ಕಾದಿರುತ್ತದೆ. ಇಲ್ಲಿ ನೆರಳು ಉತ್ತರಕ್ಕೆ ಬಿದ್ದಿರುವಾಗ ಅಜ್ಜನವರ ಕೋಲಿನ ನೆರಳು ದಕ್ಷಿಣಕ್ಕೆ ಬಿದ್ದಿರುತ್ತದೆ!

ಐದನೆಯ ತರಗತಿಯ ಮಗುವಿಗೆ ಕೋನಮಾಪಕ ಹಿಡಿಯಲು ಬಂದರೆ ಇಷ್ಟರಿಂದಲೇ ಭೂಮಿಯನ್ನು ಅಳೆಯಬಹುದು. ಕೋಲು, ನೆರಳುಗಳನ್ನು ಹತ್ತರಲ್ಲೊಂದು ಅಳತೆಗೆ ಕಾಗದದ ಮೇಲೆ ಬರೆದು ತುದಿಯ ಕೋನವನ್ನು ಅಳೆದರೆ ಇಲ್ಲಿಯದು ಸುಮಾರು 43 ಡಿಗ್ರಿ, ಬೆಂಗಳೂರಿನದು 27½, ವ್ಯತ್ಯಾಸ 15½. ಎರಡು ಊರುಗಳ ನೇರ ಅಂತರ, ರೈಲುದಾರಿಯಲ್ಲ, ನಕ್ಷೆಯ ಮೇಲಿನ ಗೆರೆ, ಸುಮಾರು 1,720 ಕಿಲೋಮೀಟರ್. 15½ ಡಿಗ್ರಿಗೆ ಇಷ್ಟಾದರೆ 360 ಡಿಗ್ರಿಗೆ ಎಷ್ಟು? ಸುಮಾರು ನಲವತ್ತು ಸಾವಿರ ಕಿಲೋಮೀಟರ್ ಎಂದು ಉತ್ತರ ಬರುತ್ತದೆ, ಭೂಮಿಯ ಸುತ್ತಳತೆ ಅದೇ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಎರಟೋಸ್ಥನೀಸನೆಂಬ ಪಂಡಿತನು ಈಜಿಪ್ಟಿನ ಎರಡು ಊರುಗಳ ನೆರಳಿನಿಂದ ಹೀಗೆಯೇ ಲೆಕ್ಕ ಹಾಕಿದ್ದನು. ಮಕ್ಕಳ ಅಳತೆಯಲ್ಲಿ ನಾಲ್ಕೈದು ಸಾವಿರ ಕಿಲೋಮೀಟರ್ ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ. ಭೂಮಿಯನ್ನು ಅಳೆದವರೆಂಬ ಹೆಮ್ಮೆಗೆ ಅದರಿಂದ ಕೊರತೆ ಬರುವುದಿಲ್ಲ.

ಸಂಜೆಯದೂ ಹಾಗೆಯೇ. ಡಿಸೆಂಬರಿನಲ್ಲಿ ಇಲ್ಲಿ ಐದೂವರೆಗೆ ಸೂರ್ಯ ಮುಳುಗಿರುತ್ತಾನೆ. ಫೋನಿನ ಪರದೆಯಲ್ಲಿ ಬೆಂಗಳೂರಿನ ಅಜ್ಜಿಯ ಅಂಗಳದಲ್ಲಿ ಇನ್ನೂ ಅರ್ಧ ಗಂಟೆ ಬಿಸಿಲು. ಜೂನಿನಲ್ಲಿ ಅಲ್ಲಿ ದೀಪ ಹಚ್ಚುವ ಹೊತ್ತಿಗೆ ಇಲ್ಲಿ ಮಕ್ಕಳು ಬಿಸಿಲಿನಲ್ಲಿ ಆಡುತ್ತಿರುತ್ತಾರೆ. ಚಳಿಗಾಲಕ್ಕೆ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ನಮ್ಮ ಸೂರಜ್‌ಪುರದ ಜೌಗಿನಂಥ ಕಡೆಗಳಲ್ಲಿ ಕಾಣುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿಯೂ ಬಂದಿಳಿಯುತ್ತವೆ. ಎರಡು ಊರುಗಳ ನಡುವೆ ಹೋಲಿಸಿ ನೋಡಬೇಕಾದದ್ದು ಇನ್ನೂ ಬೇಕಾದಷ್ಟಿದೆ; ಒಂದೊಂದಾಗಿ ಮಕ್ಕಳೇ ಹುಡುಕಲಿ.

ಈಗ ಅಡಿಗೆಮನೆಗೆ ಬರೋಣ. ಇಲ್ಲಿ ತಾಯಂದಿರು ನಮಗಿಂತ ಹೆಚ್ಚು ತಿಳಿದವರು. ದಕ್ಷಿಣದಿಂದ ಬಂದ ಪ್ರತಿ ಗೃಹಿಣಿಗೂ ಈ ನಾಡಿನ ಮೊದಲನೆಯ ಚಳಿಗಾಲ ಎರಡು ಪಾಠಗಳನ್ನು ಕಲಿಸುತ್ತದೆ. ಕೊಬ್ಬರಿ ಎಣ್ಣೆ ಸೀಸೆಯಲ್ಲಿ ಹೆಪ್ಪುಗಟ್ಟಿ ಕುಳಿತು ಕೆಳಗಿಳಿಯುವುದಿಲ್ಲ. ಹಾಲು ಮಾತ್ರ, ಎಷ್ಟು ಮಜ್ಜಿಗೆ ಬಿಟ್ಟರೂ, ಹೆಪ್ಪುಗಟ್ಟುವುದೇ ಇಲ್ಲ. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು ಬಳಸಿದೆವು, ಗಮನಿಸಿದಿರಾ? ಹಾಗಾದರೆ ಚಳಿಯಿಂದ ಒಂದು ಹೆಪ್ಪುಗಟ್ಟಿದರೆ ಅದೇ ಚಳಿಯಿಂದ ಇನ್ನೊಂದು ಹೆಪ್ಪುಗಟ್ಟದೆ ಹೋಗುವುದೇಕೆ? ಈ ಪ್ರಶ್ನೆ ನಮ್ಮ ಭಾಷೆಯೇ ಮಗುವಿನ ಮುಂದೆ ಇಟ್ಟ ಪ್ರಶ್ನೆ. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ಮಾತುಗಳಿರುವುದರಿಂದ ಅಲ್ಲಿ ಇದು ಎದ್ದು ಕಾಣುವುದಿಲ್ಲ.

ಪರೀಕ್ಷೆ ಸುಲಭ. ಹೆಪ್ಪುಗಟ್ಟಿದ ಎಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿಡಿ: ಕರಗಿ ಮೊದಲಿನಂತಾಗುತ್ತದೆ. ಬಾಲ್ಕನಿಯಲ್ಲಿಡಿ: ಮತ್ತೆ ಗಟ್ಟಿ. ಹತ್ತು ಸಲ ಮಾಡಿದರೂ ಅದು ಎಣ್ಣೆಯೇ. ಮೊಸರನ್ನು ಬಿಸಿನೀರಿನಲ್ಲಿಟ್ಟು ನೋಡಿ: ನೀರು ಬಿಟ್ಟುಕೊಂಡೀತೇ ಹೊರತು ಮರಳಿ ಹಾಲಾಗುವುದಿಲ್ಲ. ಒಂದು ಹೆಪ್ಪು ಹಿಂದಕ್ಕೆ ಬರುತ್ತದೆ, ಇನ್ನೊಂದು ಬರುವುದಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವ ಪದಾರ್ಥ. ಪಕ್ಕದಲ್ಲಿಟ್ಟ ಸಾಸಿವೆ ಎಣ್ಣೆ ಇಲ್ಲಿಯ ಚಳಿಗೆ ಜಗ್ಗುವುದಿಲ್ಲ. ಹಾಲನ್ನು ಮೊಸರು ಮಾಡುವುವಾದರೋ ಜೀವಿಗಳು, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು. ನಲವತ್ತು ಡಿಗ್ರಿಯ ಆಸುಪಾಸಿನ ಬೆಚ್ಚಗೆ ಅವುಗಳಿಗೆ ಹಿತ. ಜನವರಿಯ ರಾತ್ರಿ ಏಳೆಂಟು ಡಿಗ್ರಿಗಿಳಿದಾಗ ಅವು ಕೆಲಸ ನಿಲ್ಲಿಸಿ ಮುದುಡಿಕೊಳ್ಳುತ್ತವೆ. ಅದಕ್ಕೇ ನೀವು ಪಾತ್ರೆಗೆ ಶಾಲು ಸುತ್ತಿ ಇಡುವುದು.

ಶಾಲಿನ ವಿಷಯದಲ್ಲಿ ಒಂದು ಮಾತು. ಶಾಲು ಬಿಸಿ ಕೊಡುತ್ತದೆಯೋ, ಇದ್ದ ಬಿಸಿಯನ್ನು ಹಿಡಿದಿಡುತ್ತದೆಯೋ? ಮಗುವನ್ನು ಕೇಳಿರಿ, ಬಿಸಿ ಕೊಡುತ್ತದೆಂದೇ ಹೇಳುತ್ತದೆ. ಬರ್ಫದ ತುಂಡೊಂದನ್ನು ಶಾಲಿನಲ್ಲಿ ಸುತ್ತಿಡಿ, ಇನ್ನೊಂದನ್ನು ತಟ್ಟೆಯಲ್ಲಿ ಬರಿದೇ ಇಡಿ. ಯಾವುದು ಮೊದಲು ಕರಗೀತು? ಉತ್ತರವನ್ನು ನಾವು ಹೇಳುವುದಿಲ್ಲ, ಈ ರಾತ್ರಿಯೇ ನೋಡಬಹುದು. ಇಡ್ಲಿಯ ಹಿಟ್ಟಿನಲ್ಲಿ ಎರಡು ಲೋಟ ತೆಗೆದು ಒಂದನ್ನು ಕಂಬಳಿಯೊಳಗೆ, ಒಂದನ್ನು ಹೊರಗೆ ಇಟ್ಟು ಬೆಳಿಗ್ಗೆ ಎಷ್ಟೆಷ್ಟು ಉಬ್ಬಿದೆಯೆಂದು ಅಳೆದರೆ ಅದೇ ಪಾಠದ ಮುಂದಿನ ಭಾಗ. ಒಲೆಯ ಕೆಲಸವೆಲ್ಲ ದೊಡ್ಡವರ ಕೈಯಲ್ಲಿರಲಿ.

ಇದಕ್ಕೆಲ್ಲ ನಮಗೆ ಪುರಸೊತ್ತೆಲ್ಲಿ, ಶಾಲೆಗೆ ಹಣ ಕಟ್ಟುವುದೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಪುರಸೊತ್ತನ್ನು ನಾವು ಎಲ್ಲಿ ಕಳೆಯುತ್ತೇವೆಂಬುದನ್ನೂ ನೋಡಬೇಕು. ಸೋಮವಾರಕ್ಕೆ ಪ್ರಾಜೆಕ್ಟು ತರಬೇಕೆಂದು ಶಾಲೆಯಿಂದ ಚೀಟಿ ಬರುತ್ತದೆ. ಭಾನುವಾರ ಸಂಜೆ ತಂದೆ ಸ್ಟೇಷನರಿ ಅಂಗಡಿಗೆ ಓಡುತ್ತಾರೆ, ಥರ್ಮೋಕೋಲಿನ ಜ್ವಾಲಾಮುಖಿ ಸಿದ್ಧವಾಗಿಯೇ ಸಿಗುತ್ತದೆ, ತಾಯಿ ರಾತ್ರಿ ಹನ್ನೊಂದರವರೆಗೆ ಅದಕ್ಕೆ ಬಣ್ಣ ಬಳಿಯುತ್ತಾರೆ, ಮಗು ಮಲಗಿರುತ್ತದೆ. ಅದಕ್ಕೆ ಹತ್ತರಲ್ಲಿ ಒಂಬತ್ತು ಅಂಕ! ಅಂಕ ಯಾರಿಗೆ ಬಂತೆಂಬುದನ್ನು ಚರ್ಚಿಸುವುದು ಬೇಡ. ನೆರಳಿಗೆ ಗುರುತು ಹಾಕಲು ಇದರ ಕಾಲುಭಾಗ ಹೊತ್ತೂ ಹಿಡಿಯುವುದಿಲ್ಲ.

ಸರ್ಕಾರದ ಪಠ್ಯಕ್ರಮಗಳು ಇದಕ್ಕೆ ವಿರೋಧವಾಗಿವೆಯೆಂದೂ ತಿಳಿಯಬೇಡಿ. ಪ್ರೊಫೆಸರ್ ಯಶಪಾಲರ ಸಮಿತಿಯು 1993ರಲ್ಲಿಯೇ ಮಗುವಿನ ನಿಜವಾದ ಹೊರೆ ಚೀಲದ ತೂಕವಲ್ಲ, ಅರ್ಥವಾಗದಿರುವಿಕೆ ಎಂದು ತೋರಿಸಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಐದನೆಯ ತರಗತಿಯವರೆಗೆ ವಿಜ್ಞಾನವನ್ನು ಬೇರೆ ಮಾಡದೆ ಪರಿಸರ ಅಧ್ಯಯನವೆಂದು ಸುತ್ತಮುತ್ತಲಿನ ಬದುಕಿನೊಡನೆ ಸೇರಿಸಿತು. 2020ರ ಶಿಕ್ಷಣ ನೀತಿಯು ಸಾಧ್ಯವಿದ್ದಲ್ಲೆಲ್ಲ ಐದನೆಯ ತರಗತಿಯವರೆಗಾದರೂ ಮನೆಮಾತಿನಲ್ಲಿ ಬೋಧನೆಯಾಗಲೆಂದಿತು. ದೆಹಲಿಯಲ್ಲಿ ಕನ್ನಡಿಗರು ಕಟ್ಟಿದ ಶಾಲೆಯಿದೆ. ನಮ್ಮ ಗ್ರೇಟರ್ ನೋಯ್ಡಾದಿಂದ ಎಳೆಯರು ದಿನವೂ ಅಲ್ಲಿಗೆ ಹೋಗಿಬರುವುದು ಆಗುವ ಮಾತಲ್ಲ. ಆದಕಾರಣ ಮನೆಮಾತಿನ ಭಾಗವನ್ನು ಮನೆಯೇ ವಹಿಸಿಕೊಳ್ಳಬೇಕಾಗಿದೆ.

ಕೈಯಿಂದ ಮಾಡಿ ಕಲಿಯುವುದು ಪುಸ್ತಕದ ಕನಸೆಂದು ಹೇಳುವವರಿಗೆ ಹೋಶಂಗಾಬಾದಿನ ಕಥೆಯನ್ನು ಹೇಳುತ್ತೇವೆ. ಮಧ್ಯಪ್ರದೇಶದ ಆ ಜಿಲ್ಲೆಗೆ ಈಗ ನರ್ಮದಾಪುರಂ ಎಂದು ಹೆಸರು. ಅಲ್ಲಿ 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ, ಹಳ್ಳಿಯ ಮಕ್ಕಳು ತಾವೇ ಪ್ರಯೋಗ ಮಾಡಿ ತಾವೇ ತೀರ್ಮಾನ ಬರೆಯುವ ಪದ್ಧತಿಯನ್ನು ಆರಂಭಿಸಿದವು. ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಬಂದು ಹಳ್ಳಿಯ ಮೇಷ್ಟರುಗಳ ಜೊತೆ ಕುಳಿತು ಕೆಲಸ ಮಾಡಿದರು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು. ಪುಸ್ತಕ ತೆರೆದಿಟ್ಟುಕೊಂಡೇ ಪರೀಕ್ಷೆ ಬರೆಯಬಹುದಾಗಿತ್ತು, ಏಕೆಂದರೆ ಕೇಳುತ್ತಿದ್ದ ಪ್ರಶ್ನೆಗಳಿಗೆ ಉತ್ತರ ಪುಸ್ತಕದಲ್ಲಿರುತ್ತಿರಲಿಲ್ಲ. ಮೂವತ್ತು ವರ್ಷ ನಡೆದ ಈ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು. ನಿಲ್ಲಿಸಿದ್ದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಪುಣೆಯ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ಅರವಿಂದ ಗುಪ್ತರು ರಜೆ ಹಾಕಿ ಅಲ್ಲಿಗೆ ಹೋಗಿ ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ವಿನ ರಬ್ಬರ್ ಕೊಳವೆಯಿಂದ ಜೋಡಿಸಿ ತ್ರಿಕೋನ, ಚೌಕ, ಮನೆಗಳನ್ನು ಕಟ್ಟುವ ಆಟವನ್ನು ಕಂಡುಹಿಡಿದರು. ಚೌಕವನ್ನು ಒತ್ತಿದರೆ ಸೊಟ್ಟಗಾಗುತ್ತದೆ, ತ್ರಿಕೋನ ಜಗ್ಗುವುದಿಲ್ಲ. ಸೇತುವೆಗಳಲ್ಲಿ ತ್ರಿಕೋನಗಳೇಕೆಂದು ಮಗು ಬೆರಳಿನಿಂದ ತಿಳಿಯುತ್ತದೆ.

ವಿಜ್ಞಾನಕ್ಕೆ ಕನ್ನಡ ಸಾಲದೆಂಬ ಅನುಮಾನ ಇನ್ನೂ ಉಳಿದಿದೆಯೆ? 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ನಡೆಸಿದರು. ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಒಬ್ಬರೇ ಬರೆದು ಹೊರತಂದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ವನ್ನು ಓದಿ ಬೆಳೆದವರು ಈ ಸಭೆಯಲ್ಲಿಯೇ ಇರಬಹುದು.

ಆದರೂ ನಾವು ಇಲ್ಲಿ ಕೇಳುತ್ತಿರುವುದು ಪಾರಿಭಾಷಿಕ ಪದಗಳನ್ನಲ್ಲ. ಶಾಲೆಯಲ್ಲಿ ಕಂಡೆನ್ಸೇಶನ್ ಎಂದು ಕಲಿಯುವ ಮಗುವಿಗೆ ಮನೆಯಲ್ಲಿ ಸಾಂದ್ರೀಕರಣವೆಂದು ಉರುಹಾಕಿಸುವುದು ಹೊರೆಯ ಮೇಲೆ ಹೊರೆ. ತಟ್ಟೆ ಮುಚ್ಚಿದ ಸಾರಿನಿಂದ ಹಬೆಯೆದ್ದು ತಟ್ಟೆಯೊಳಗೆ ಬೆವೆತು ಹನಿಯಾಗಿ ಇಳಿಯುವುದನ್ನು, ಜನವರಿಯ ಬೆಳಗಿನಲ್ಲಿ ಕಿಟಕಿಯ ಗಾಜು ಒಳಗಿನಿಂದ ಒದ್ದೆಯಾಗಿರುವುದನ್ನು, ಹುಲ್ಲಿನ ಮೇಲಿನ ಇಬ್ಬನಿಯನ್ನು, ಎದುರಿನ ಕಟ್ಟಡವನ್ನೇ ನುಂಗಿದ ಮಂಜನ್ನು ಆ ಮಾತುಗಳಲ್ಲಿಯೇ ಮಾತನಾಡಿಕೊಳ್ಳಿ. ಇವೆಲ್ಲ ಒಂದೇ ಸಂಗತಿಯೇ ಎಂದು ಮಗು ಅನುಮಾನಪಟ್ಟ ದಿನ, ಶಾಲೆಯ ಪದವನ್ನು ಕಲಿಯಲು ಎರಡು ನಿಮಿಷ ಸಾಕು. ಸಂಗತಿಯನ್ನು ಕಾಣದೆ ಪದವನ್ನು ಮಾತ್ರ ಕಲಿತ ಮಗು ಕಿಟಕಿ ಏಕೆ ಒದ್ದೆಯಾಯಿತೆಂದರೆ ಮಳೆ ಬಂದಿರಬೇಕೆನ್ನುತ್ತದೆ.

ಕಡೆಯದಾಗಿ ಕಾರ್ಯದರ್ಶಿಗಳ ಒಪ್ಪಿಗೆ ಪಡೆದು ಒಂದು ಕೆಲಸವನ್ನು ಒಪ್ಪಿಸುತ್ತೇವೆ. ಡಿಸೆಂಬರ್ 22ರಂದು ಇಲ್ಲಿ ನಡುಹಗಲು ಹನ್ನೆರಡು ಗಂಟೆ ಹದಿನೆಂಟು ನಿಮಿಷದ ಸುಮಾರಿಗೆ. ಅಂದು ಮಂಜಿದ್ದು ಬಿಸಿಲು ಬಾರದಿದ್ದರೆ ಹಿಂದುಮುಂದಿನ ಎರಡು ಮೂರು ದಿನಗಳಲ್ಲಿ ಯಾವಾಗಲಾದರೂ ಆಗಬಹುದು, ನೆರಳು ಅಷ್ಟಾಗಿ ಬದಲಾಗುವುದಿಲ್ಲ. ಒಂದು ಮೀಟರಿನ ಕೋಲು ನೆಟ್ಟು ಅತಿ ಗಿಡ್ಡ ನೆರಳನ್ನು ಅಳೆಯಿರಿ. ನಿಮ್ಮ ಊರಿನಲ್ಲಿರುವ ಹಿರಿಯರಿಂದಲೂ ಅಳೆಸಿರಿ. ಬೀದರಿನವರು, ಧಾರವಾಡದವರು, ಶಿವಮೊಗ್ಗದವರು, ಮೈಸೂರಿನವರು, ಕಾಸರಗೋಡಿನವರು ನಮ್ಮಲ್ಲಿದ್ದಾರೆ. ಪಶ್ಚಿಮದ ಊರುಗಳಲ್ಲಿ ನಡುಹಗಲು ಕೆಲವು ನಿಮಿಷ ತಡವಾಗಿ ಬರುತ್ತದೆ. ಮಂಗಳೂರಿನಲ್ಲಿ ಹತ್ತು ನಿಮಿಷಕ್ಕೆ ಮೇಲೆ. ಅದಕ್ಕಾಗಿ ಅವರು ಗಡಿಯಾರವನ್ನು ನಂಬದೆ ನೆರಳನ್ನೇ ಕಾಯಬೇಕು. ಊರಿನ ಹೆಸರು, ದಿನಾಂಕ, ಹೊತ್ತು, ನೆರಳಿನ ಉದ್ದ, ದಿಕ್ಕು ಇವಿಷ್ಟನ್ನು ಚೀಟಿಯಲ್ಲಿ ಬರೆದು ಸಂಕ್ರಾಂತಿಯ ಕೂಟಕ್ಕೆ ತನ್ನಿರಿ. ಎಲ್ಲವನ್ನೂ ದೊಡ್ಡ ನಕ್ಷೆಯೊಂದರ ಮೇಲೆ ಅಂಟಿಸೋಣ. ಚೀಟಿ ಮಗುವಿನ ಕೈಬರಹದಲ್ಲಿಯೇ ಇರಲಿ. ಅಳತೆ ತಪ್ಪಾಗಿ ಕಂಡರೂ ದಯವಿಟ್ಟು ತಿದ್ದಿ ತರಬೇಡಿ, ಅದು ಹಾಗೇಕಾಯಿತೆಂದು ಮಕ್ಕಳೇ ಕೂಟದಲ್ಲಿ ಹುಡುಕುತ್ತಾರೆ.